ಇಸ್ಕೂಲು ಎಂದರೆ ತಪ್ಪೇನು?

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವರಿಗೆ ತತ್ಸಮ-ತದ್ಭವಗಳ ಪಟ್ಟಿ ಬಾಯಿಪಾಠವಾಗಿರುತ್ತದೆ. ಶ್ರೀ-ಸಿರಿ, ಶಶಿ-ಸಸಿ, ಸ್ನೇಹ-ನೇಹ, ಸ್ತಂಭ-ಕಂಬ. ಮಕ್ಕಳು ರಾಗವಾಗಿ ಹೇಳುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆಯುತ್ತಾರೆ. 'ನೇಹ' ಎಂದು ಬರೆದ ಹುಡುಗನನ್ನು ಯಾರೂ ದಡ್ಡ ಎನ್ನುವುದಿಲ್ಲ. ಅದೇ ಹುಡುಗನ ಅಜ್ಜಿ 'ಇಸ್ಕೂಲು' ಎಂದರೆ ಮಾತ್ರ ಮನೆಮಂದಿಯೆಲ್ಲ ಮುಸಿಮುಸಿ ನಗುತ್ತಾರೆ. ಸಂಸ್ಕೃತದ ಮಾತನ್ನು ನಾಲಗೆಗೆ ಒಗ್ಗಿಸಿಕೊಂಡರೆ ಅದು ವ್ಯಾಕರಣ, ಇಂಗ್ಲಿಷಿನ ಮಾತನ್ನು ಒಗ್ಗಿಸಿಕೊಂಡರೆ ಅದು ಹಳ್ಳಿಗಮಾರತನ. ಇದು ಯಾವ ನ್ಯಾಯ?

ಈ ನಗು ಹಗುರವಾದದ್ದೇನೂ ಅಲ್ಲ. ಪೋಷಕರ ಸಭೆ ಕರೆದಾಗ ಬಾರದೇ ಇದ್ದ ತಾಯಿಯೊಬ್ಬರನ್ನು ಒಮ್ಮೆ ಸಂತೆಯಲ್ಲಿ ಕಂಡು ಕಾರಣ ಕೇಳಿದೆ. ಕುಣಿಗಲ್ ಕಡೆಯ ಹೆಣ್ಣುಮಗಳು. "ನಾನು ಬಾಯ್ಬುಟ್ರೆ ಮಗಳ್ಗೆ ನಾಚ್ಕೆ ಆಯ್ತದಂತೆ ಮೇಡಂನೋರೆ, ನೀನು ಬರ್ಬ್ಯಾಡ ಅಂದವ್ಳೆ" ಎಂದರು. ಮಗಳ ಲೆಕ್ಕದ ಅಂಕ ಇಳಿದಿರುವುದು ಆ ತಾಯಿಗೆ ಗೊತ್ತೇ ಇರಲಿಲ್ಲ. ಇಸ್ಕೂಲು, ಪೀಜು, ಪೇಲು ಎಂಬ ನಾಲ್ಕು ಮಾತಿಗೆ ಹೆದರಿ ಒಬ್ಬ ತಾಯಿ ಶಾಲೆಯ ಬಾಗಿಲಿಗೇ ಬರುವುದಿಲ್ಲವೆಂದರೆ ಆ ನಾಲ್ಕು ಮಾತುಗಳ ಚರಿತ್ರೆಯನ್ನು ನಾವು ಸ್ವಲ್ಪ ತಿಳಿದುಕೊಳ್ಳಬೇಕಾಗುತ್ತದೆ.

ನಮ್ಮ ಸೀಮೆಗೆ ಇಂಗ್ಲಿಷ್ ಬಂದದ್ದು ನಿನ್ನೆ ಮೊನ್ನೆಯಲ್ಲ. 1830ರ ದಶಕದ ಕೊನೆಯ ಹೊತ್ತಿಗಾಗಲೇ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು ಇದ್ದರು. ಅವರಲ್ಲೊಬ್ಬನಾದ ವಿಲಿಯಂ ಆರ್ಥರ್ 1839ರಲ್ಲಿ ಬಂದು, ಕನ್ನಡ ಕಲಿತು, ಕಣ್ಣಿನ ತೊಂದರೆಯಿಂದ ಎರಡೇ ವರ್ಷದಲ್ಲಿ ಹಿಂದಿರುಗಿದ. 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಎಂಬ ಪುಸ್ತಕ ಬರೆದ. ಗುಬ್ಬಿಯ ಜನ ಇಂಗ್ಲಿಷ್ ಕೇಳುವ ಮೊದಲೇ ಒಬ್ಬ ಐರಿಷ್ ಪಾದ್ರಿ ಗುಬ್ಬಿಯಲ್ಲಿ ಕನ್ನಡ ತಿದ್ದಬೇಕಾಯಿತು ಎಂಬುದು ಇವತ್ತಿನ ನಮ್ಮ ಮಕ್ಕಳಿಗೆ ಹೇಳಬೇಕಾದ ವಿಷಯ. ಅವನ ಕನ್ನಡದಲ್ಲೂ ಅವನ ಊರಿನ ಉಚ್ಚಾರ ಇದ್ದೇ ಇದ್ದಿರಬೇಕಲ್ಲವೇ?

ಆದರೆ ಪುಸ್ತಕ ಓದದವರ ಬಾಯಿಗೂ ಇಂಗ್ಲಿಷನ್ನು ತಂದು ಹಾಕಿದ್ದು ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ಹಳಿ ಬಂತು. 1889ರ ಹೊತ್ತಿಗೆ ಅದು ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ದಾಟಿ ಹರಿಹರ ಮುಟ್ಟಿತ್ತು. ಹಳಿಯ ಜೊತೆಗೆ ಟೇಸನ್ನು, ಟಿಕೇಟು, ಸಿಗ್ನಲ್ಲು, ಗೇಟು, ಗಾರ್ಡು, ಲೇಟು ಎಲ್ಲ ಬಂದಿಳಿದವು. ಪಂಡಿತರು ಉಗಿಬಂಡಿ, ಹೊಗೆಬಂಡಿ ಎಂದು ಹೆಸರಿಟ್ಟು ನೋಡಿದರು. ಜನ 'ರೈಲು' ಎಂದರು. ಇಂಗ್ಲಿಷಿನಲ್ಲಿ ರೈಲ್ ಎಂದರೆ ನೆಲದ ಮೇಲಿನ ಕಬ್ಬಿಣದ ಕಂಬಿ. ನಮ್ಮವರು ಆ ಹೆಸರನ್ನು ಗಾಡಿಗೇ ಕೊಟ್ಟು, ಕಂಬಿಗೆ ಕಂಬಿ ಎಂಬ ತಮ್ಮ ಮಾತನ್ನೇ ಉಳಿಸಿಕೊಂಡರು. ಕುಣಿಗಲ್ಲಿಗೆ ರೈಲು ಬಂದದ್ದು 2017ರಲ್ಲಿ, ತುಮಕೂರಿಗೆ ಬಂದ 133 ವರ್ಷಗಳ ಮೇಲೆ. ಗಾಡಿ ಬರುವ ಎಷ್ಟೋ ತಲೆಮಾರು ಮೊದಲೇ 'ರೈಲು' ಎಂಬ ಮಾತು ಕುಣಿಗಲ್ಲಿನ ಮನೆಮನೆಯಲ್ಲಿ ಇತ್ತು.

ಅದೇ 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರು ಅದನ್ನು ನಾಡಿಗೆಲ್ಲ ಪರಿಚಯಿಸಿದರು. ಬಿ. ಜಯಮ್ಮನವರಂಥ ನಟಿಯರು ಅಲ್ಲಿ ಬೆಳಗಿದರು. 'ಕಂಪನಿ' ಎಂಬ ಮಾತು ಹಿರಿಯರ ಕಿವಿಗೆ ಇವತ್ತಿಗೂ ವ್ಯಾಪಾರಕ್ಕಿಂತ ಮೊದಲು ನಾಟಕವನ್ನೇ ನೆನಪಿಗೆ ತರುತ್ತದೆ. ಅರ್ಜುನನ ಪಾರ್ಟು, ಅರಮನೆಯ ಸೀನು, ಸೀನ್ರಿ, ಹಾರ್ಮೋನಿಯಂ ಮೇಷ್ಟ್ರು, ಹಾಡು ಮತ್ತೆ ಬೇಕೆಂದರೆ 'ವನ್ಸ್‌ಮೋರು'. ಅಕ್ಷರ ಬಾರದ ಒಕ್ಕಲಿಗನೂ ನೆಲದ ಟಿಕೇಟು ಕೊಂಡು ಕುಳಿತು 'ವನ್ಸ್‌ಮೋರ್' ಎಂದು ಕೂಗಿದರೆ ನಟ ಸತ್ತುಬಿದ್ದವನು ಎದ್ದು ಇನ್ನೊಮ್ಮೆ ಹಾಡಬೇಕಾಗಿತ್ತು. ಇಂಗ್ಲಿಷಿನ ಎರಡು ಪದಗಳಿಗೆ ಅಷ್ಟು ಅಧಿಕಾರ ಇದ್ದದ್ದು ಕಂಪನಿ ನಾಟಕದಲ್ಲಿ. ಇವತ್ತೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಯುವವರು ಯಾರ ಪಾರ್ಟು ಯಾರಿಗೆ ಎಂದೇ ಜಗಳವಾಡುತ್ತಾರೆ. 'ಪಾತ್ರ' ಎಂದರೆ ಅವರಿಗೆ ಪಾತ್ರೆ ನೆನಪಾದೀತು.

1884 ನಮ್ಮ ಈ ಕತೆಗೆ ಇನ್ನೂ ಇಬ್ಬರನ್ನು ಕೊಟ್ಟ ವರ್ಷ. ಬಿ.ಎಂ.ಶ್ರೀ. ಹುಟ್ಟಿದ್ದು ಆ ವರ್ಷದ ಜನವರಿಯಲ್ಲಿ, ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಅವರೇ 1911ರಲ್ಲಿ ಧಾರವಾಡದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಭಾಷಣ ಮಾಡಿದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ತಂದರು. 1884ರ ಜುಲೈನಲ್ಲಿ ಹುಟ್ಟಿದ ಟಿ.ಪಿ. ಕೈಲಾಸಂ, ಓದಿದ ಗಂಡಸರ ಕನ್ನಡ-ಇಂಗ್ಲಿಷ್ ಬೆರಕೆ ಮಾತನ್ನು ಹಾಗೆಹಾಗೇ ರಂಗದ ಮೇಲಿಟ್ಟು ಜನರನ್ನು ನಗಿಸಿದರು. ಅಲ್ಲಿ ನಗೆಗೆ ಗುರಿಯಾದದ್ದು ಇಸ್ಕೂಲು ಎನ್ನುವ ಅಜ್ಜಿಯಲ್ಲ, ಇಂಗ್ಲಿಷಿನ ಜಂಬ ಹೊತ್ತು ತಿರುಗುವ ಸೂಟುಬೂಟಿನವನು. ಈ ಭೇದವನ್ನು ನಾವು ಮರೆತಿದ್ದೇವೆ.

ಇನ್ನು ನಾಲಗೆಯ ವಿಷಯ. ಜನ ಇಂಗ್ಲಿಷ್ ಮಾತುಗಳನ್ನು ಬಾಯಿಗೆ ಬಂದಂತೆ ಕೆಡಿಸಿಲ್ಲ, ಒಂದು ಕಟ್ಟುಪಾಡಿನಂತೆ ಬದಲಾಯಿಸಿದ್ದಾರೆ. ಮೊದಲನೆಯದು, ಕನ್ನಡದ ಮಾತು ಸ್ವರದಲ್ಲಿ ಮುಗಿಯಬೇಕು. ಹಳಗನ್ನಡದ ಕಲ್, ಕಣ್, ಪಲ್ ಎಂಬವು ಕಲ್ಲು, ಕಣ್ಣು, ಹಲ್ಲು ಆದವು. ಕಾಲ್, ಬಾಳ್ ಎಂಬವು ಕಾಲು, ಬಾಳು ಆದವು. ನೋಡಿ, ಮೊದಲಿನವುಗಳಲ್ಲಿ ಸ್ವರ ಹ್ರಸ್ವ, ಹಾಗಾಗಿ ವ್ಯಂಜನ ಇಮ್ಮಡಿಯಾಯಿತು. ಎರಡನೆಯವುಗಳಲ್ಲಿ ಸ್ವರ ದೀರ್ಘ, ವ್ಯಂಜನ ಒಂದೇ ಉಳಿಯಿತು. ಈಗ ಬಸ್ಸು, ಪೆನ್ನು, ಪಿನ್ನು, ನಟ್ಟು ಎಂದು ಹೇಳಿ ನೋಡಿ. ಹಿಂದೆಯೇ ಕಾರು, ರೋಡು, ಕೋಟು, ಸೀಟು ಎನ್ನಿ. ಬಸು ಎಂದೋ ಕಾರ್ರು ಎಂದೋ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಕಲ್ಲಿಗೂ ಕಾಲಿಗೂ ಇದ್ದ ನಿಯಮವೇ ಬಸ್ಸಿಗೂ ಕಾರಿಗೂ ಬಂತು. ಅಕ್ಷರ ಕಲಿಯದ ಹೆಂಗಸೂ ಅದನ್ನು ತಪ್ಪುವುದಿಲ್ಲ.

ಎರಡನೆಯದು, ಮಾತಿನ ಮೊದಲಲ್ಲಿ ಬರುವ ಒತ್ತಕ್ಷರ. ಕೇಶಿರಾಜ 13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದಾಗ ಸಂಸ್ಕೃತದ ಪದಗಳು ಕನ್ನಡಕ್ಕೆ ಬಂದು ಹೇಗೆ ಬದಲಾಗುತ್ತವೆ ಎಂದು ಹೇಳುವುದಕ್ಕೇ ಅಪಭ್ರಂಶ ಪ್ರಕರಣ ಎಂಬ ಒಂದು ಅಧ್ಯಾಯ ಇಟ್ಟ. ಸ್ಥಾನ ತಾಣವಾಯಿತು, ಸ್ನೇಹ ನೇಹವಾಯಿತು, ಮೊದಲ ಸಕಾರ ಉದುರಿಹೋಯಿತು. ಸ್ಟೇಷನ್ ಟೇಸನ್ನು ಆದದ್ದೂ ಹೀಗೆಯೇ. ಅಲ್ಲಿ ಷಕಾರ ಸಕಾರವಾದದ್ದು ಭಾಷೆ ಬಾಸೆಯಾದಂತೆ. ಶ್ರೀ ಸಿರಿಯಾದಂತೆ ಬ್ರಷ್ ಬುರುಸು ಆಯಿತು, ಫ್ರೀ ಪಿರೀ ಆಯಿತು. ವರ್ಷ ವರುಷವಾದಂತೆ ಫಾರ್ಮ್ ಫಾರಂ ಆಯಿತು. ಇದರಿಂದ ಒಂದು ತಮಾಷೆಯೂ ಆಗಿದೆ. ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿದ್ದ ತೋಟದ ಫಾರಂ, ಅರ್ಜಿಯ ಫಾರಂ ಎರಡೂ ನಮ್ಮಲ್ಲಿ ಒಂದೇ ಆಗಿಬಿಟ್ಟವು. ಕುಣಿಗಲ್ಲಿನಲ್ಲಿ 'ಫಾರಂ ಹತ್ತಿರ ಹೋಗಿದ್ದೆ' ಎಂದರೆ ಕುದುರೆ ಫಾರಂ. ತಾಲ್ಲೂಕು ಕಚೇರಿಯಲ್ಲಿ ಫಾರಂ ಎಂದರೆ ಕಾಗದ.

ಸಕಾರವನ್ನು ಉದುರಿಸದೆ ಮುಂದೆ ಒಂದು ಇಕಾರವನ್ನು ಊರುಗೋಲಾಗಿ ಕೊಡುವುದೂ ಉಂಟು. ಇಸ್ಕೂಲು, ಇಸ್ಟಾರ್ಟು, ಇಸ್ಟಾಂಪು. ಇದು ನಮ್ಮವರಿಗೆ ಮಾತ್ರ ಇರುವ ಕೊರತೆ ಎಂದುಕೊಳ್ಳುವವರು ಯುರೋಪಿನ ಕಡೆ ನೋಡಬೇಕು. ಲ್ಯಾಟಿನ್ನಿನ 'ಸ್ಕೋಲಾ' ಎಂಬ ಮಾತಿನಿಂದಲೇ ಇಂಗ್ಲಿಷಿನ ಸ್ಕೂಲ್ ಬಂದದ್ದು. ಅದೇ ಮಾತಿಗೆ ಸ್ಪೇನಿನವರು ಮುಂದೆ ಎಕಾರ ಸೇರಿಸಿ 'ಎಸ್ಕುಯೆಲಾ' ಎಂದರು. ಫ್ರೆಂಚರು ಎಕಾರ ಸೇರಿಸಿದ ಮೇಲೆ ಸಕಾರವನ್ನೂ ಬಿಟ್ಟು 'ಎಕೋಲ್' ಎಂದರು. ಪ್ಯಾರಿಸ್ಸಿನ ಪ್ರೊಫೆಸರರು ಮಾಡಿದರೆ ಶುದ್ಧ ಫ್ರೆಂಚ್, ಗುಬ್ಬಿಯ ಅಜ್ಜಿ ಮಾಡಿದರೆ ಅಶುದ್ಧ ಇಂಗ್ಲಿಷ್!

ಆಪೀಸು, ಕಾಪಿ, ಪೋಟೋ ಎಂಬವುಗಳ ವಿಷಯವೂ ಸರಳ. ಹಲ್ಲು ತುಟಿಗೆ ತಾಗಿಸಿ ಗಾಳಿ ಬಿಡುವ ಆ ಧ್ವನಿ ಕನ್ನಡದಲ್ಲಿ ಇರಲಿಲ್ಲ. ಹತ್ತಿರದ ಪಕಾರವನ್ನು ಕೊಟ್ಟರು. ಓಟ್ಲು, ಆಸ್ಪಿಟ್ಲು ಎನ್ನುವವರನ್ನು ಕಂಡರೆ ಹಕಾರ ಬಾರದವರು ಎಂದು ಪಟ್ಟಣದವರು ಮೂಗು ಮುರಿಯುತ್ತಾರೆ. ಆದರೆ ಹಳಗನ್ನಡದ ಪಾಲ್ ನಡುಗನ್ನಡದಲ್ಲಿ ಹಾಲು ಆಯಿತು, ನಮ್ಮ ಹಳ್ಳಿಯ ಬಾಯಿಯಲ್ಲಿ ಆಲು ಆಯಿತು. ಒಂದು ಹೆಜ್ಜೆ ಇಟ್ಟವರು ನಾವು, ಎರಡು ಹೆಜ್ಜೆ ಇಟ್ಟವರು ಅವರು. ಇನ್ನು 'ಆಸ್ಪತ್ರೆ' ಎಂಬ ಮಾತನ್ನಂತೂ ಪಂಡಿತರೂ ಸಂಸ್ಕೃತವೆಂದು ಭ್ರಮಿಸುವಷ್ಟು ಚೆನ್ನಾಗಿ ನಮ್ಮವರು ತಿದ್ದಿಕೊಂಡಿದ್ದಾರೆ. ಅದರ ಹುಟ್ಟು ಹಾಸ್ಪಿಟಲ್ ಎಂದರೆ ಮಕ್ಕಳು ನಂಬುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಮೇಷ್ಟ್ರು'. ಮಾಸ್ಟರ್ ಎಂಬ ಮಾತಿನ ಕೊನೆಯ ರೇಫಕ್ಕೆ ಉಕಾರ ಸೇರಿದಾಗ ಅದು ಅರಸರು, ರಾಯರು, ಹಿರಿಯರು ಎಂಬ ಮಾತುಗಳ ಸಾಲಿಗೆ ಬಂದು ಕುಳಿತಿತು. ಗೌರವದ ಬಹುವಚನ ತಾನಾಗಿ ಒದಗಿತು. ಡಾಕ್ಟ್ರು, ಕಂಡಕ್ಟ್ರು, ಇನ್ಸ್‌ಪೆಕ್ಟ್ರು ಎಲ್ಲರೂ ಹಾಗೆಯೇ 'ಬಂದರು, ಹೋದರು' ಆದರು. ಟ್ರ್ಯಾಕ್ಟ್ರು, ಮೋಟ್ರು, ಕುಕ್ಕರು ಕೂಡ ಅದೇ ಬಾಲ ಹೊತ್ತವು, ಆದರೆ 'ಟ್ರ್ಯಾಕ್ಟ್ರು ಬಂತು' ಎನ್ನುತ್ತೇವೆಯೇ ಹೊರತು ಬಂದರು ಎನ್ನುವುದಿಲ್ಲ. ಯಾರಿಗೆ ಮರ್ಯಾದೆ ಕೊಡಬೇಕು ಎಂಬುದು ನಮ್ಮ ಭಾಷೆಗೆ ಗೊತ್ತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಅದು 'ಎಲಿಕಾಪ್ಟ್ರು' ಆಗಲು ತಡವಾಗಲಿಲ್ಲ. ಹಕಾರ ಹೋಯಿತು, ರೇಫಕ್ಕೆ ಉಕಾರ ಬಂತು. ಕೇಶಿರಾಜನಿಗೆ ಕೇಳಿಸಿದ್ದರೆ ಸಂತೋಷಪಡುತ್ತಿದ್ದ.

ಹೆಣ್ಣು ಮೇಷ್ಟರಿಗೆ ನಮ್ಮಲ್ಲಿ ಟೀಚರಮ್ಮ, ಮೇಡಮ್ಮು, ಮಿಸ್ಸು ಎಂಬ ಮೂರು ಹೆಸರುಗಳಿವೆ. ಮಿಸ್ ಎಂದರೆ ಇಂಗ್ಲಿಷಿನಲ್ಲಿ ಮದುವೆಯಾಗದವಳು. ನಮ್ಮಲ್ಲಿ ಮೊಮ್ಮಕ್ಕಳನ್ನು ಎತ್ತಿದವರೂ ಮಿಸ್ಸೇ. ಡಾಕ್ಟ್ರಮ್ಮ, ನರ್ಸಮ್ಮ ಎಂದು ಅಮ್ಮನನ್ನು ಸೇರಿಸಿದರೆ ಎಂಥ ಪರಕೀಯ ಮಾತೂ ಮನೆಯದಾಗಿಬಿಡುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಆ ಭೀಕರ ರೋಗಕ್ಕೂ ಅಮ್ಮನನ್ನು ಸೇರಿಸಿ 'ಪ್ಲೇಗಮ್ಮ' ಎಂದು ಗುಡಿ ಕಟ್ಟಿ ಕೈಮುಗಿದ ಜನ ನಾವು.

ಇಂಗ್ಲಿಷಿಗೂ ಮೊದಲು ಬೇರೆ ಭಾಷೆಗಳಿಗೆ ಇದೇ ಉಪಚಾರ ನಡೆದಿತ್ತು ಎಂಬುದಕ್ಕೆ ಕುಣಿಗಲ್ಲಿನ ಕುದುರೆ ಫಾರಮ್ಮೇ ಸಾಕ್ಷಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿ ಅಶ್ವದಳಕ್ಕಾಗಿ ಕುದುರೆ ಸಾಕುತ್ತಿದ್ದರು. ಲಗಾಮು, ಜೀನು, ಸವಾರ ಎಂಬ ಮಾತುಗಳು ಪಾರ್ಸಿಯಿಂದ ಬಂದು ಉಕಾರ, ಅಕಾರ ಹಚ್ಚಿಕೊಂಡು ಕನ್ನಡವಾದವು. ರೇಸು, ಜಾಕಿ ಬಂದದ್ದು ಆಮೇಲೆ. ಮನೆಯೊಳಗೆ ನಾವು ದಿನಾ ಬಳಸುವ ಇಸ್ತ್ರಿ, ಸಾಬೂನು, ಅಲಮಾರು ಪೋರ್ಚುಗೀಸರ ಮಾತುಗಳು. 'ಇಸ್ತ್ರಿ' ಎಂದರೆ ಯಾರೂ ನಗುವುದಿಲ್ಲ, ಏಕೆಂದರೆ ಪೋರ್ಚುಗೀಸ್ ಬಲ್ಲವರು ಯಾರೂ ಪಕ್ಕದಲ್ಲಿ ಕುಳಿತಿಲ್ಲ. ಇಸ್ಕೂಲು ಎಂದಾಗ ಬರುವ ನಗುವಿಗೆ ಕಾರಣ ಉಚ್ಚಾರವಲ್ಲ. ಇಂಗ್ಲಿಷಿಗೆ ಇವತ್ತಿಗೂ ಇರುವ ಸಂಬಳ, ಅಂತಸ್ತು, ಅಧಿಕಾರ.

ಉಚ್ಚಾರದಂತೆ ಅರ್ಥವೂ ಇಲ್ಲಿಯ ಬದುಕಿಗೆ ತಕ್ಕಂತೆ ಬಾಗಿದೆ. ಹೋಟೆಲ್ ಎಂದರೆ ಇಂಗ್ಲಿಷಿನವರಿಗೆ ತಂಗುವ ಜಾಗ, ನಮಗೆ ಇಡ್ಲಿ-ಕಾಫಿಯ ಜಾಗ. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ಅಲ್ಲಿಂದ ಊರೂರಿಗೆ ಬಂದ 'ಸೊಸೈಟಿ' ಹೆಂಗಸರಿಗೆ ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಕೊಡುವ ಅಂಗಡಿಯಾಯಿತು. ಮಳೆ ಕಡಿಮೆಯಿರುವ ನಮ್ಮ ಜಿಲ್ಲೆಯಲ್ಲಿ 'ಬೋರು' ಎಂದರೆ ಕೊಳವೆಬಾವಿ. ನೀರು ಬರುತ್ತದೋ ಇಲ್ಲವೋ ಎಂದು ಒಡವೆ ಒತ್ತೆಯಿಟ್ಟು ಕಾಯುವ ಸಂಕಟ. ಅದೇ ಮನೆಯ ಮೊಮ್ಮಗಳಿಗೆ 'ಬೋರು' ಎಂದರೆ ಹೊತ್ತು ಹೋಗದ ಬೇಸರ. ಜಡೆಗೆ ಕಟ್ಟುವ ಪಟ್ಟಿ 'ಟೇಪು', ಅಡುಗೆಮನೆಯ ಸಿಲಿಂಡರು 'ಗ್ಯಾಸು'. ಇನ್ನು 'ಅಡ್ಜಸ್ಟು'. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು ಕೂರಲು ಇದಕ್ಕಿಂತ ಮಧುರವಾದ ಮಾತಿಲ್ಲ. ಆದರೆ ಇದೇ ಮಾತನ್ನು ಗಂಡನ ಮನೆಗೆ ಹೊರಟ ಹುಡುಗಿಗೆ 'ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಹೋಗಮ್ಮ' ಎಂದು ಹೇಳುವಾಗ ಅದರ ಭಾರ ಬೇರೆ. ಯಂತ್ರದ ತಿರುಪು ಸರಿಮಾಡಲು ಬಳಸುವ ಮಾತು ಹೆಣ್ಣುಮಕ್ಕಳ ಬಾಳಿಗೂ ಬಂತು. ಆ ಅರ್ಥ ಯಾವ ಇಂಗ್ಲಿಷ್ ನಿಘಂಟಿನಲ್ಲೂ ಪೂರ್ತಿ ಸಿಗದು.

ಇಂಗ್ಲಿಷರೇನು ನಮ್ಮ ಮಾತುಗಳನ್ನು ಇದ್ದಂತೆಯೇ ನುಡಿದರೇ? ಮೊಹರಮ್ಮಿನಲ್ಲಿ ಕೂಗುವ 'ಯಾ ಹಸ್ಸನ್, ಯಾ ಹುಸೇನ್' ಗೋರಾ ಸಿಪಾಯಿಗಳ ಬಾಯಲ್ಲಿ 'ಹಾಬ್ಸನ್-ಜಾಬ್ಸನ್' ಆಯಿತು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ತಮ್ಮ ದೊಡ್ಡ ಪದಕೋಶಕ್ಕೆ ಆ ಹೆಸರನ್ನೇ ಇಟ್ಟರು. ನಮ್ಮ ಕಡೆಯ ಬಂಡಿ 'ಬ್ಯಾಂಡಿ' ಆಯಿತು. ತಲೆ ನೀವುವ ಹಿಂದಿಯ 'ಚಾಂಪೋ' ಅವರ ಶಾಂಪೂ ಆಗಿ, ಈಗ ಪೊಟ್ಟಣದಲ್ಲಿ 'ಸ್ಯಾಂಪು' ಆಗಿ ನಮ್ಮ ಬಚ್ಚಲಿಗೆ ಮರಳಿದೆ. ನಮ್ಮ ಊರಿನ ಹೆಸರೇ 'ಟುಮ್ಕೂರ್' ಎಂದಾಗಿ, 2014ರ ನವೆಂಬರ್ 1ರಂದು 12 ಊರುಗಳ ಹೆಸರು ತಿದ್ದುವ ತನಕ ಸರ್ಕಾರಿ ಇಂಗ್ಲಿಷಿನಲ್ಲಿ ಹಾಗೆಯೇ ಉಳಿದಿತ್ತು. ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ಟುಮ್ಕೂರ್ ಎಂದವರು ಯಾರೂ ನಾಚಿಕೆಪಡಲಿಲ್ಲ.

ಹಾಗೆಂದು ಮಕ್ಕಳು ಇಂಗ್ಲಿಷನ್ನು ಇಂಗ್ಲಿಷಾಗಿ ಕಲಿಯಬಾರದು ಎಂದು ನಾನು ಹೇಳುವವಳಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಶುರುವಾಯಿತು. ಬಡವರ ಮಕ್ಕಳು ಕೆಲಸದ ಸಂದರ್ಶನಕ್ಕೆ ಹೋದಾಗ 'ಆಪೀಸು' ಎಂದದ್ದಕ್ಕೆ ಕೆಲಸ ತಪ್ಪಿದರೆ ಅವರ ಕೈಗೆ ನನ್ನ ಕೇಶಿರಾಜನನ್ನು ಕೊಟ್ಟು ಪ್ರಯೋಜನವಿಲ್ಲ. ಆದ್ದರಿಂದ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಸ್ಕೂಲ್, ಆಫೀಸ್ ಎಂದು ನಾಲಗೆ ತಿರುಗಿಸುವುದನ್ನು ಕಲಿಸಲೇಬೇಕು. ಅದು ಒಂದು ಭಾಷೆ. ಮನೆಗೆ ಹೋಗಿ 'ಇಸ್ಕೂಲಿಂದ ಬಂದೆ ಕಣಜ್ಜಿ' ಎನ್ನುವುದು ಇನ್ನೊಂದು ಭಾಷೆ. ಎರಡನ್ನೂ ಬಲ್ಲ ಮಗುವಿಗೆ ಒಂದು ಹೆಚ್ಚೇ ಗೊತ್ತು, ಕಡಿಮೆಯಲ್ಲ. ತರಗತಿಯಲ್ಲಿ ತದ್ಭವದ ಪಟ್ಟಿಯ ಕೆಳಗೆ ನಾನು ಈಗ ಸ್ಟೇಷನ್-ಟೇಸನ್ನು, ಲ್ಯಾಂಟರ್ನ್-ಲಾಟೀನು, ಮಾಸ್ಟರ್-ಮೇಷ್ಟ್ರು ಎಂದೂ ಬರೆಯುತ್ತೇನೆ. ಅಲ್ಲಿಯವರೆಗೆ ಆಕಳಿಸುತ್ತಿದ್ದ ಮಕ್ಕಳು ತಮ್ಮ ಮನೆಯ ಮಾತುಗಳನ್ನು ಒಂದೊಂದಾಗಿ ತಂದು ಹೇಳತೊಡಗುತ್ತಾರೆ.

ನನ್ನನ್ನು ಯೋಚನೆಗೆ ಹಚ್ಚುವುದು ಬೇರೊಂದು ಸಂಗತಿ. ಇವತ್ತಿನ ಪಟ್ಟಣದ ಮಕ್ಕಳು ಇಂಗ್ಲಿಷ್ ಮಾತುಗಳನ್ನು ಬಾಗಿಸುವುದನ್ನೇ ಬಿಟ್ಟಿದ್ದಾರೆ. 'ಸ್ಕೂಲಿಗೆ' ಹೋಗಿ 'ಸ್ಕೂಲ್‌ಗೆ' ಆಯಿತು, 'ಪುಸ್ತಕ' ಹೋಗಿ 'ಬುಕ್ಸ್' ಆಯಿತು. ಬಾಗಿದ ಮಾತು ಸೊಸೆಯಂತೆ ಮನೆಯವಳಾಗುತ್ತದೆ, ಬಾಗದ ಮಾತು ಬಾಡಿಗೆಗೆ ಬಂದು ಮನೆಯ ಕೋಣೆಗಳನ್ನೆಲ್ಲ ಹಿಡಿಯುತ್ತದೆ. ಆದರೆ ಭಾಷೆ ಅಷ್ಟು ಸುಲಭವಾಗಿ ಸೋಲುವುದೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ 'ಪಿರೀ ಬಸ್ಸು', 'ಜೀರೋ ಟಿಕೇಟು' ಎಂಬ ಮಾತುಗಳು ಕೇಳಿಬಂದವು. ಮೊಬೈಲು, ರಿಚಾಜು, ಓಟೀಪಿ ಎಂಬುವನ್ನು ರಾಗಿ ಬೀಸಿದ ಕೈಗಳು ಹಿಡಿದು ತಿದ್ದುತ್ತಿವೆ.

ನಿಮ್ಮ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ಕು ತೆಗೆದು ಅವರ ಬಾಯಲ್ಲಿ ಬರುವ ಇಂಗ್ಲಿಷ್ ಮಾತುಗಳನ್ನು ಅವರು ನುಡಿದಂತೆಯೇ ಬರೆದಿಡಿ. ಎದುರಿಗೆ ಆ ವಸ್ತು ಮನೆಗೆ ಬಂದದ್ದು ಯಾವಾಗ, ಯಾರು ತಂದರು, ಎಷ್ಟು ಕೊಟ್ಟರು ಎಂದು ಕೇಳಿ ಬರೆಯಿರಿ. ಲಾಟೀನು, ಸ್ಟವ್ವು, ಟ್ರಂಕು, ರೇಡಿಯೋ. ಮಕ್ಕಳನ್ನೇ ಬರೆಯಲು ಕೂರಿಸಿದರೆ ಇನ್ನೂ ಒಳ್ಳೆಯದು. ಮುಂದಿನ ಸಲ ಶಾಲೆಯಲ್ಲಿ ಸಭೆ ಕರೆದಾಗ ಅಜ್ಜಿಯನ್ನೂ ಕರೆದುಕೊಂಡು ಬನ್ನಿ. 'ಇಸ್ಕೂಲು ಸೆಂದಾಗದೆ' ಎಂದು ಅವರು ಹೇಳಿದರೆ, ನಾವು ಮೇಷ್ಟ್ರುಗಳು ಅದನ್ನು ಹೊಗಳಿಕೆಯೆಂದೇ ತಿಳಿಯುತ್ತೇವೆ.